ಐಸ್ ಕ್ಯಾಂಡಿ ಕಟ್ಟಿದ ಕೈಗಳು

ಮನಿಲಾದಿಂದ ದಕ್ಷಿಣಕ್ಕೆ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿ, ಮಕಿಲಿಂಗ್ ಬೆಟ್ಟಕ್ಕೂ ಲಗುನಾ ಸರೋವರಕ್ಕೂ ನಡುವೆ ಲೊಸ್ ಬಾನ್ಯೊಸ್ ಎಂಬ ಊರಿದೆ. ನಮ್ಮ ಕೃಷಿ ವಿಜ್ಞಾನಿಗಳಿಗೆ ಈ ಹೆಸರು ಚೆನ್ನಾಗಿ ಗೊತ್ತು. 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ. 1966ರಲ್ಲಿ ಐ.ಆರ್. 8 ತಳಿ ಹೊರಬಂದದ್ದೂ ಅಲ್ಲಿಂದಲೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಭತ್ತದ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು 1992ರಲ್ಲಿ ಸಂಶೋಧನೆಗೆಂದು ಅಲ್ಲಿಗೆ ಹೊರಟಾಗ, ಎಳೆ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ನಾನೂ ಹೋದೆ.

ಭತ್ತದ ವಿಚಾರ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬರೆಯಬೇಕೆಂದಿರುವುದು ನಾವು ಬಾಡಿಗೆಗಿದ್ದ ಬೀದಿಯ ಒಂದು ಕಸುಬಿನ ಬಗ್ಗೆ. ಆ ಬೀದಿಯಲ್ಲಿ ನಾಲ್ಕೈದು ಮನೆಗೊಂದರಂತೆ ಗೇಟಿಗೆ ರಟ್ಟಿನ ತುಂಡು ನೇತುಬಿದ್ದಿರುತ್ತಿತ್ತು. ಒಂದರ ಮೇಲೆ ‘ಐಸ್’, ಇನ್ನೊಂದರ ಮೇಲೆ ‘ಐಸ್ ವಾಟರ್’, ಮತ್ತೊಂದರ ಮೇಲೆ ‘ಐಸ್ ಕ್ಯಾಂಡಿ’. ಬರಹ ಅಷ್ಟೇ, ಬೆಲೆ ಕೂಡ ಇಲ್ಲ. ಗೇಟಿನ ಹತ್ತಿರ ನಿಂತು ಕೂಗಿದರೆ ಒಳಗಿನಿಂದ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಅಂಗಡಿ, ಕಾರ್ಖಾನೆ, ಗೋದಾಮು ಎಲ್ಲವೂ ಅವಳ ಅಡುಗೆಮನೆಯ ಫ್ರಿಜ್ಜೇ.

ನಮ್ಮಲ್ಲಿ ಐಸ್ ಕ್ಯಾಂಡಿ ಎಂದರೆ ಸೈಕಲ್ ಹಿಂದಿನ ಪೆಟ್ಟಿಗೆಯಿಂದ ತೆಗೆದುಕೊಡುವ ಕಡ್ಡಿ ಐಸು. ಅಲ್ಲಿಯದು ಬೇರೆ. ಗೇಣುದ್ದದ, ಎರಡು ಬೆರಳು ಅಗಲದ ತೆಳು ಪ್ಲಾಸ್ಟಿಕ್ ಕೊಳವೆಗೆ ಹಾಲು, ಹಣ್ಣು, ಸಕ್ಕರೆ ತುಂಬಿ, ಬಾಯಿ ಕಟ್ಟಿ ಗಟ್ಟಿ ಮಾಡಿದ್ದು. ಆಕಾರದಲ್ಲಿ ನಮ್ಮ ಹುಡುಗರು ‘ಪೆಪ್ಸಿ’ ಎಂದು ಚೀಪುವ ಐಸಿನ ಹಾಗೆ. ಆದರೆ ಅದರಂತೆ ಬರೀ ಬಣ್ಣದ ನೀರಲ್ಲ. ಬೆಣ್ಣೆ ಹಣ್ಣು, ಮಾವು, ಕರಬೂಜ, ಎಳನೀರಿನ ಗಂಜಿ, ಬೇಯಿಸಿ ಸಕ್ಕರೆ ಹಾಕಿದ ಹೆಸರುಕಾಳು, ನೇರಳೆ ಬಣ್ಣದ ಉಬೆ ಗೆಣಸು, ಹುರಿದ ಪಿನಿಪಿಗ್, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಪಿನಿಪಿಗ್ ಎಂದರೆ ಹಾಲುಗಾಳಿನ ಅಂಟು ಭತ್ತವನ್ನು ಹುರಿದು ಕುಟ್ಟಿದ ಒಂದು ಜಾತಿಯ ಹಸಿರು ಅವಲಕ್ಕಿ. ಅವಲಕ್ಕಿಯನ್ನು ಐಸಿಗೆ ಹಾಕುವುದನ್ನು ನಾನು ಮೊದಲು ಕಂಡದ್ದು ಅಲ್ಲೇ.

ಫಿಲಿಪ್ಪೀನ್ಸಿನ ತಿಂಡಿಗಳ ಚರಿತ್ರೆ ಹೇಳುವವರು ಹಾಲೊ-ಹಾಲೊ ಎಂಬ ಐಸಿನ ತಿಂಡಿಯ ಬಗ್ಗೆ ಹೇಳುತ್ತಾರೆ, ದೊಡ್ಡ ಐಸ್‌ಕ್ರೀಂ ಕಂಪನಿಗಳ ಬಗ್ಗೆ ಹೇಳುತ್ತಾರೆ, ಗಂಟೆ ಅಲ್ಲಾಡಿಸುತ್ತಾ ಗಾಡಿ ತಳ್ಳುವ ಸೊರ್ಬೆತೆರೊಗಳ ಬಗ್ಗೆ ಪ್ರೀತಿಯಿಂದ ಬರೆಯುತ್ತಾರೆ. ಈ ಹೆಂಗಸರ ಮಾತು ಬಂದಾಗ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಎಣಿಕೆಯಲ್ಲಿ ಆ ದೇಶದ ತಣ್ಣನೆಯ ತಿಂಡಿಯ ಚರಿತ್ರೆ ಬಂದು ಮುಟ್ಟುವುದು ಇವರ ಕೈಗೇ. ಅದನ್ನು ತಿಳಿಯಬೇಕಾದರೆ ಅಲ್ಲಿಗೆ ಮಂಜುಗಡ್ಡೆ ಹೇಗೆ ಬಂತು ಎಂಬಲ್ಲಿಂದ ಶುರುಮಾಡಬೇಕು.

ಮಂಜು ಬೀಳದ ದೇಶಕ್ಕೆ ಮಂಜುಗಡ್ಡೆ ಬಂದದ್ದು ಹಡಗಿನಲ್ಲಿ. ಅಮೆರಿಕದ ಬೋಸ್ಟನ್ ಸುತ್ತಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಸಮುದ್ರದ ಮೇಲೆ ಸಾಗಿಸುತ್ತಿದ್ದ ವ್ಯಾಪಾರ ಅದು. ಫ್ರೆಡೆರಿಕ್ ಟ್ಯೂಡರ್ ಎಂಬ ಬೋಸ್ಟನ್ ವರ್ತಕ 1833ರಲ್ಲಿ ಕಲ್ಕತ್ತಕ್ಕೆ ಹೀಗೆ ಮಂಜುಗಡ್ಡೆ ಕಳಿಸಿದ. ಮದರಾಸಿನ ಕಡಲತೀರದ ಐಸ್ ಹೌಸ್, ಈಗ ವಿವೇಕಾನಂದರ ಹೆಸರು ಹೊತ್ತಿರುವ ಕಟ್ಟಡ, ಅದೇ ವ್ಯಾಪಾರದ ಗೋದಾಮಾಗಿತ್ತು. ಮನಿಲಾದಲ್ಲೂ ಅಮೆರಿಕನ್ ವರ್ತಕರಿದ್ದರು, ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲಿಗೂ ಅಮೆರಿಕದ ಕೆರೆಯ ಗಡ್ಡೆ ಬರತೊಡಗಿತು. ಆಗ ಅಲ್ಲಿ ಸ್ಪೇನಿನವರ ಆಳ್ವಿಕೆ. ಅಷ್ಟು ದೂರದಿಂದ ಕರಗುತ್ತಾ ಬಂದದ್ದು ಯಾರ ಲೋಟಕ್ಕೆ ಬೀಳುತ್ತಿತ್ತು ಎಂದು ಹೇಳಬೇಕಾಗಿಲ್ಲ. ಭತ್ತ ಬೆಳೆದವರ ಲೋಟಕ್ಕಂತೂ ಅಲ್ಲ.

1898ರಲ್ಲಿ ಸ್ಪೇನ್ ಹೋಯಿತು, ಅಮೆರಿಕ ಬಂತು. ಸೈನಿಕರಿಗೆ ಕೆಡದ ಮಾಂಸ ಬೇಕು, ಅಧಿಕಾರಿಗಳಿಗೆ ತಣ್ಣಗಿನ ಪಾನೀಯ ಬೇಕು. ಮನಿಲಾದ ಪಾಸಿಗ್ ನದಿಯ ದಂಡೆಯಲ್ಲಿ, ಕಿಯಾಪೊ ಪೇಟೆಯ ಎದುರು ದಡದಲ್ಲಿ, ಇನ್ಸುಲರ್ ಐಸ್ ಪ್ಲಾಂಟ್ ಎಂಬ ದೊಡ್ಡ ಕಾರ್ಖಾನೆ ಕಟ್ಟಿದರು. 1902ರಲ್ಲಿ ಅದು ತಯಾರಾಯಿತು. ಅದರ ಎತ್ತರದ ಇಟ್ಟಿಗೆ ಚಿಮಣಿ ಬಹುಕಾಲ ನಗರದ ಗುರುತಾಗಿತ್ತು. 1980ರ ದಶಕದಲ್ಲಿ ಮೇಲ್ಸೇತುವೆಯ ರೈಲು ಬಂದಾಗ ಅದನ್ನು ಕೆಡವಿದರು. ಪರದೇಶದ ದಂಡಿಗೆಂದು ಕಟ್ಟಿದ ಕಾರ್ಖಾನೆ, ಆದರೆ ಮಂಜುಗಡ್ಡೆ ಊರೊಳಗೇ ತಯಾರಾಗತೊಡಗಿದ ಮೇಲೆ ಅದನ್ನು ಯಾರು ಕೊಳ್ಳಬೇಕು, ಯಾರು ಕೊಳ್ಳಬಾರದು ಎಂದು ಬೇಲಿ ಹಾಕುವುದು ಆಗಲಿಲ್ಲ.

ಮೊದಲು ಅದನ್ನು ಬೀದಿಗೆ ಇಳಿಸಿದವರಲ್ಲಿ ಜಪಾನೀಯರು ಮುಖ್ಯರು. ಮಹಾಯುದ್ಧಕ್ಕೆ ಮುಂಚೆ ಮನಿಲಾದಲ್ಲಿ ಜಪಾನಿನಿಂದ ಬಂದು ನೆಲೆಸಿದ ಸಣ್ಣ ವ್ಯಾಪಾರಿಗಳಿದ್ದರು. ಕಿಯಾಪೊದ ಕಿಂತಾ ಮಾರುಕಟ್ಟೆಯ ಸುತ್ತ ಅವರ ಅಂಗಡಿಗಳು. ಐಸ್ ಪ್ಲಾಂಟು ಹೊಳೆಯ ಆಚೆ ದಡದಲ್ಲೇ ಇತ್ತಲ್ಲ, ಗಡ್ಡೆ ತರುವುದು ಸುಲಭವಾಗಿತ್ತು. ಬೇಯಿಸಿ ಸಿಹಿ ಮಾಡಿದ ಕಾಳಿನ ಮೇಲೆ ಹೆರೆದ ಐಸು, ಸಕ್ಕರೆ, ಹಾಲು ಹಾಕಿ ಕೊಡುತ್ತಿದ್ದರು. ಅದು ‘ಮೊಂಗೊ ಕೊನ್ ಇಯೆಲೊ’. ಕಾಳಿನ ಬದಲು ಮೆಕ್ಕೆಜೋಳ ಹಾಕಿದರೆ ‘ಮಾಯಿಸ್ ಕೊನ್ ಇಯೆಲೊ’. ಯುದ್ಧ ಮುಗಿದು ಜಪಾನೀಯರನ್ನು ಅವರ ದೇಶಕ್ಕೆ ಸಾಗಹಾಕಿದ ಮೇಲೆ ಕಸುಬು ಫಿಲಿಪಿನೊಗಳ ಪಾಲಾಯಿತು. ಅವರು ಬಾಳೆಹಣ್ಣು, ಹಲಸು, ಉಬೆ, ಲೇಚೆ ಫ್ಲಾನ್ ಎಂಬ ಹಾಲು-ಮೊಟ್ಟೆಯ ಸಿಹಿ ಎಲ್ಲ ಪೇರಿಸಿದರು. ಇವತ್ತು ಪ್ರವಾಸಿಗರು ಹುಡುಕಿಕೊಂಡು ಹೋಗುವ ಹಾಲೊ-ಹಾಲೊ ಬೆಳೆದುಬಂದದ್ದು ಹೀಗೆ.

ಇನ್ನೊಂದು ಕವಲು ಸೊರ್ಬೆತೆಸ್‌ನದು. ಮರದ ಗಾಡಿ, ಅದಕ್ಕೆ ಹಬ್ಬದ ತೇರಿನ ಹಾಗೆ ಬಣ್ಣ, ಒಳಗೆ ಲೋಹದ ಮೂರು ಡಬ್ಬಿ, ಡಬ್ಬಿಗಳ ಸುತ್ತ ಪುಡಿ ಐಸು ಮತ್ತು ಕಲ್ಲುಪ್ಪು. ಉಪ್ಪು ಬೆರೆತ ಐಸು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿಯುತ್ತದೆ, ಹದವಾಗಿ ಬೆರೆತರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಹೋಗಬಲ್ಲದು. ಹಾಗಾಗಿ ಫ್ರಿಜ್ಜೇ ಇಲ್ಲದವನೂ ಐಸ್‌ಕ್ರೀಂ ಮಾಡಬಲ್ಲ. ಹಸುವಿನ ಹಾಲು ಅಪರೂಪ, ಆದ್ದರಿಂದ ಕರಬಾವ್ ಎನ್ನುವ ಅಲ್ಲಿಯ ಎಮ್ಮೆಯ ಹಾಲು ಅಥವಾ ತೆಂಗಿನಹಾಲು. ಮಾವು, ಉಬೆ, ಚೀಸ್, ಈ ಮೂರು ರುಚಿ ಇದ್ದೇ ಇರುತ್ತದೆ. ಬೇಕಾದರೆ ಪಾಂಡೆಸಾಲ್ ಬನ್ನನ್ನು ಸೀಳಿ ಅದರೊಳಗೂ ಹಾಕಿಕೊಡುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ‘ಡರ್ಟಿ ಐಸ್‌ಕ್ರೀಂ’ ಎಂದು ಕರೆಯುವುದು ಅಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಮಾರುವವನೂ ಹಾಗೇ ಅನ್ನುತ್ತಾನೆ. ನನಗೆ ಆ ಹೆಸರು ಎಂದೂ ಸೇರಲಿಲ್ಲ. ಬೀದಿಯಲ್ಲಿ ಮಾರಿದ್ದು ಕೊಳಕು, ಕಾರ್ಖಾನೆಯಿಂದ ಬಂದದ್ದು ಶುದ್ಧ ಎಂಬ ಭೇದ ಅದರೊಳಗೆ ಕೂತಿದೆ. ಕಾರ್ಖಾನೆಯ ಕಥೆ ಚಿಕ್ಕದು: ಅಮೆರಿಕನ್ ದಂಡಿನ ಅಡುಗೆಯವನಾಗಿ ಬಂದ ವಿಲಿಯಂ ಷೋಬರ್ ಎಂಬಾತ ಮನಿಲಾದಲ್ಲಿ ಮ್ಯಾಗ್ನೋಲಿಯಾ ಹೆಸರಿನ ಐಸ್‌ಕ್ರೀಂ ಮಾಡಿ ಮಾರುತ್ತಿದ್ದ. 1925ರಲ್ಲಿ ಸಾನ್ ಮಿಗೆಲ್ ಬಿಯರ್ ಕಂಪನಿ ಅದನ್ನು ಕೊಂಡುಕೊಂಡಿತು. ಮುಂದೆ ಅದು ಮನೆಮಾತಾಯಿತು.

ಇಷ್ಟರಲ್ಲಿ ಹೆಂಗಸರೆಲ್ಲಿ? ಅವರು ಮೊದಲಿಂದಲೂ ಅಲ್ಲೇ ಇದ್ದರು. ಹಣ್ಣನ್ನು ಕೆಡದಂತೆ ಇಡುವುದು, ಸಿಹಿ ಮಾಡಿ ಮಾರುವುದು ಅಲ್ಲಿ ಹೆಂಗಸರದೇ ಕಸುಬು. ಈ ಮಾತಿಗೆ ಮರಿಯಾ ಒರೋಸಾ ಹೆಸರು ಹೇಳದೆ ಮುಂದೆ ಹೋಗಲಾರೆ. ಬತಾಂಗಾಸ್ ಪ್ರಾಂತ್ಯದ ತಾಲ್ ಊರಿನವರು, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ತಾಯ್ನಾಡಿಗೆ ಮರಳಿದವರು. ಬಾಳೆಹಣ್ಣಿನ ಕೆಚಪ್ ಮಾಡಿದಾಕೆ ಎಂದು ಈಗ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸವೆಂದರೆ 1920ರ ದಶಕದಲ್ಲಿ ಸರ್ಕಾರಿ ಇಲಾಖೆಯಲ್ಲಿದ್ದುಕೊಂಡು ಹಳ್ಳಿಗಳಲ್ಲಿ ಹೆಂಗಸರ ಕ್ಲಬ್ಬುಗಳನ್ನು ಕಟ್ಟಿ, ಮನೆಯ ಹಣ್ಣು, ಕಾಳು, ಮೀನನ್ನು ಕೆಡದಂತೆ ಇಟ್ಟು ನಾಲ್ಕು ಕಾಸು ಮಾಡುವುದನ್ನು ಕಲಿಸಿದ್ದು. ಕರೆಂಟಿಲ್ಲದ ಮನೆಗೆಂದು ಮಣ್ಣಿನ ಮಡಕೆಯ ಒವನ್ ಮಾಡಿಕೊಟ್ಟರು. 1945ರ ಫೆಬ್ರವರಿಯಲ್ಲಿ ಮನಿಲಾ ಯುದ್ಧಭೂಮಿಯಾಗಿದ್ದಾಗ ಊರು ಬಿಡದೆ ಕೆಲಸದಲ್ಲಿದ್ದು, ಗಾಯಗೊಂಡು ಅಲ್ಲೇ ತೀರಿಕೊಂಡರು. ನಮ್ಮ ಬೀದಿಯ ಹೆಂಗಸರು ಅವರ ಹೆಸರು ಕೇಳಿದ್ದರೋ ಇಲ್ಲವೋ, ಅವರು ಹಾಕಿಕೊಟ್ಟ ದಾರಿಯಲ್ಲೇ ನಡೆಯುತ್ತಿದ್ದರು.

ಒರೋಸಾ ಕಾಲದಲ್ಲಿ ಈ ಹೆಂಗಸರ ಕೈಗೆ ಸಿಗದೆ ಇದ್ದದ್ದು ಒಂದೇ, ಚಳಿ. ಅದು ಕಾರ್ಖಾನೆಯವನ ಕೈಯಲ್ಲಿತ್ತು, ಗಡ್ಡೆ ಕೊಂಡು ತರುವ ಗಾಡಿಯವನ ಕೈಯಲ್ಲಿತ್ತು. ಫ್ರಿಜ್ಜು ಅಡುಗೆಮನೆಗೆ ಬಂದ ಮೇಲೆ ಅದು ಇವರ ಕೈಗೆ ಬಂತು. ಕೊಂಡುರಾದಂಥ ದೇಶೀ ಫ್ರಿಜ್ಜುಗಳು ಮಾರುಕಟ್ಟೆಗೆ ಬಂದಿದ್ದವು. 1974ರ ಕಾರ್ಮಿಕ ಸಂಹಿತೆ ಬಂದಮೇಲೆ ಸರ್ಕಾರವೇ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸತೊಡಗಿತು. ಸೌದಿಗೆ ಹೋದ ಮಗ, ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋದ ಮಗಳು ಕಳಿಸಿದ ದುಡ್ಡಿನಲ್ಲಿ ಎಷ್ಟೋ ಮನೆಗಳು ಫ್ರಿಜ್ಜು ಕೊಂಡವು. ಆ ಫ್ರಿಜ್ಜಿನಲ್ಲಿ ಮನೆಯವರ ಸಾಮಾನಿಗಿಂತ ಮಾರುವ ಸಾಮಾನೇ ಹೆಚ್ಚು ಜಾಗ ಹಿಡಿದಿರುತ್ತಿತ್ತು.

ನಮ್ಮ ಎದುರುಮನೆಯ ಹೆಂಗಸಿಗೆ ಆಗ ಐವತ್ತರ ಮೇಲೆ ವಯಸ್ಸು. ಬೀದಿಯವರೆಲ್ಲ ಅವರನ್ನು ಅಮ್ಮ ಎನ್ನುವ ಅರ್ಥದಲ್ಲಿ ನಾನಾಯ್ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಗಂಡ ಜೀಪ್ನಿ ಎಂಬ ಅಲ್ಲಿಯ ಪುಟ್ಟ ಬಸ್ಸು ಓಡಿಸುತ್ತಿದ್ದರು. ಹೊರದೇಶಕ್ಕೆ ಹೋದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವರ ಮನೆಗೆ ಫ್ರಿಜ್ಜು ಬಂದದ್ದು ಬೇರೆ ದಾರಿಯಿಂದ, ಅದಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ.

ಫಿಲಿಪ್ಪೀನ್ಸಿನಲ್ಲಿ ಇಂಡಿಯಾದವರನ್ನು ‘ಬುಂಬಾಯ್’ ಎನ್ನುತ್ತಾರೆ. ಪಂಜಾಬಿನಿಂದ ಹೋಗಿ ನೆಲೆಸಿದ ಲೇವಾದೇವಿಗಾರರು ಮೋಟರ್‌ಸೈಕಲ್ಲಿನ ಮೇಲೆ ಬೀದಿಬೀದಿ ತಿರುಗಿ ಸಾಲ ಕೊಡುತ್ತಾರೆ, ದಿನವೂ ಬಂದು ಕಂತು ವಸೂಲಿ ಮಾಡುತ್ತಾರೆ. ಐದು ಕೊಟ್ಟು ಆರು ಪಡೆಯುವುದು ಲೆಕ್ಕ, ಅಂದರೆ ನೂರಕ್ಕೆ ಇಪ್ಪತ್ತು. ಪಡೆದ ಸಾಲಕ್ಕೆ ಅಲ್ಲಿಯ ಜನ ಇಟ್ಟ ಹೆಸರೂ ‘ಐದು-ಆರು’. ಲೇವಾದೇವಿ ಅಷ್ಟೇ ಅಲ್ಲ, ಕೊಡೆ, ಸೊಳ್ಳೆಪರದೆ, ಫ್ಯಾನು, ಫ್ರಿಜ್ಜು ಕೂಡ ಕಂತಿನ ಮೇಲೆ ತಂದುಕೊಡುತ್ತಾರೆ. ಹಟಮಾಡುವ ಮಕ್ಕಳಿಗೆ ‘ಬುಂಬಾಯ್ ಬಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ’ ಎಂದು ತಾಯಂದಿರು ಹೆದರಿಸುವುದುಂಟು. ನಾನು ಸೀರೆಯುಟ್ಟು ಮಾರುಕಟ್ಟೆಗೆ ಹೋದರೆ ಚಿಕ್ಕ ಮಕ್ಕಳು ಅಮ್ಮನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದವು. ಮನಸ್ಸಿಗೆ ನೋವಾಗುತ್ತಿತ್ತು.

ನಾನಾಯ್ ಮನೆಯ ಫ್ರಿಜ್ಜು ಬಂದದ್ದು ಅಂಥ ಒಬ್ಬ ಪಂಜಾಬಿಯ ಕಂತಿನ ಮೇಲೆ. ಬ್ಯಾಂಕಿಗೆ ಹೋದರೆ ಪಗಾರದ ಚೀಟಿ ಕೇಳುತ್ತಾರೆ, ಮನೆ ಕಾಗದ ಕೇಳುತ್ತಾರೆ. ಈತ ಕೇಳಿದ್ದು ದಿನಾ ಸಂಜೆ ಮನೆಯಲ್ಲಿರುತ್ತೀಯಾ ಎಂದಷ್ಟೇ. ಒಂದು ರಟ್ಟಿನ ಕಾರ್ಡಿನಲ್ಲಿ ಗೆರೆ ಎಳೆದು, ಕೊಟ್ಟ ಕಂತಿಗೆಲ್ಲ ಸಹಿ ಹಾಕುತ್ತಿದ್ದ. ನಮ್ಮ ಊರಿನ ಮೀಟರ್ ಬಡ್ಡಿಯ ಕಷ್ಟ ನೋಡಿದವಳು ನಾನು. ಆ ಬಡ್ಡಿಯ ಬಗ್ಗೆ ನಾನಾಯ್ ಹತ್ತಿರ ಬೇಸರದಿಂದ ಮಾತಾಡಿದೆ. ಅವರು ಶಾಂತವಾಗಿ ಹೇಳಿದರು: “ಬಡ್ಡಿ ಜಾಸ್ತಿ ಅಂತ ನನಗೂ ಗೊತ್ತು, ಮಗಳೇ. ಆದರೆ ಬೇರೆ ಯಾರೂ ನನ್ನ ಬಾಗಿಲಿಗೆ ಬರಲಿಲ್ಲ.” ಐಸ್ ಮಾರಿದ ದುಡ್ಡು ಕಂತಿಗೆ, ಐಸ್ ಕ್ಯಾಂಡಿಯ ದುಡ್ಡು ಮಗಳ ಸ್ಕೂಲಿಗೆ ಎಂದು ಎರಡು ಡಬ್ಬಿ ಇಟ್ಟಿದ್ದರು. ಒಂದರದ್ದು ಇನ್ನೊಂದಕ್ಕೆ ಹಾಕಿದ್ದನ್ನು ನಾನು ನೋಡಲಿಲ್ಲ.

ಅವರು ಐಸ್ ಕ್ಯಾಂಡಿ ಮಾಡುವುದನ್ನು ಅವರ ಅಡುಗೆಮನೆಯಲ್ಲಿ ಕೂತು ಎಷ್ಟೋ ಸಂಜೆ ನೋಡಿದ್ದೇನೆ. ಮಧ್ಯಾಹ್ನವೇ ನೀರು ಕುದಿಸಿ ಸಕ್ಕರೆ ಕರಗಿಸುತ್ತಿದ್ದರು. ಇನ್ನೊಂದು ಬಟ್ಟಲಿನಲ್ಲಿ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಸಕ್ಕರೆ ನೀರಿಗೆ ಸಣ್ಣಗೆ ಹುಯ್ಯುತ್ತಾ ಸೌಟಾಡಿಸುತ್ತಿದ್ದರು. ಸೌಟಿನ ಬೆನ್ನಿಗೆ ತೆಳ್ಳಗೆ ಅಂಟಿಕೊಳ್ಳುವಷ್ಟು ಆದರೆ ಒಲೆ ಆರಿಸುವುದು. ಪೂರ್ತಿ ಆರಿದ ಮೇಲೆಯೇ ಡಬ್ಬಿಯ ಇವ್ಯಾಪರೇಟೆಡ್ ಹಾಲು ಮತ್ತು ಮಸೆದ ಬೆಣ್ಣೆ ಹಣ್ಣು. ಬಿಸಿಯಲ್ಲಿ ಹಾಕಿದರೆ ಹಣ್ಣು ಕಪ್ಪಾಗುತ್ತದೆ, ಕಹಿಯೂ ಬರುತ್ತದೆ. ಡಬ್ಬಿ ಹಾಲೇಕೆ ಎಂದರೆ, ಆ ದೇಶದಲ್ಲಿ ಬೇಕಾಗುವ ಹಾಲಿನಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಅಲ್ಲೇ ಕರೆದದ್ದು, ಉಳಿದದ್ದೆಲ್ಲ ಹಡಗಿನಲ್ಲಿ ಬರುವ ಪುಡಿ ಮತ್ತು ಡಬ್ಬಿ. ನಮ್ಮೂರಿನಲ್ಲಿ ಹಾಲಿಗೆ ಡೇರಿ ಮುಂದೆ ಸಾಲು ನಿಲ್ಲುವುದನ್ನು ಹೇಳಿದಾಗ ನಾನಾಯ್ ಬೆರಗಾಗಿ ಕೇಳಿದ್ದರು.

ಕಾರ್ನ್‌ಫ್ಲೋರಿನ ಗುಟ್ಟನ್ನು ಅವರು ಹೇಳಿದ್ದು ಹೀಗೆ. ಬರೀ ಸಕ್ಕರೆ ನೀರು ಗಟ್ಟಿಯಾಗುವಾಗ ನೀರು ಮೊದಲು ಹೆಪ್ಪುಗಟ್ಟುತ್ತದೆ, ಸಿಹಿ ಒಂದು ಕಡೆ ಸೇರಿಕೊಳ್ಳುತ್ತದೆ. ಹುಡುಗರು ಎರಡು ಸಲ ಚೀಪುವಷ್ಟರಲ್ಲಿ ಸಿಹಿಯೆಲ್ಲ ಹೋಗಿ ಸಪ್ಪೆ ಐಸು ಉಳಿಯುತ್ತದೆ. ಗಂಜಿಯಂತೆ ಸ್ವಲ್ಪ ಮಂದವಿದ್ದರೆ ನೀರಿನ ಹರಳು ದೊಡ್ಡದಾಗಲು ಬಿಡುವುದಿಲ್ಲ, ಕೊನೆಯ ತುದಿಯವರೆಗೆ ಒಂದೇ ರುಚಿ. ಜಾಸ್ತಿ ಹಾಕಿದರೆ ಹಿಟ್ಟಿನ ವಾಸನೆ. ಆ ಹದ ಅವರ ಕೈಗೆ ಗೊತ್ತಿತ್ತು, ಅಳತೆಯ ಚಮಚ ಅವರ ಮನೆಯಲ್ಲಿರಲಿಲ್ಲ.

ರಾತ್ರಿ ಊಟ ಮುಗಿದ ಮೇಲೆ ಕಟ್ಟುವ ಕೆಲಸ. ನೂರರ ಕಟ್ಟಿನಲ್ಲಿ ಸಿಗುವ ಪ್ಲಾಸ್ಟಿಕ್ ಕೊಳವೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೆರಳ ತುದಿಯಿಂದ ಉಜ್ಜಿ ಬಾಯಿ ಬಿಡಿಸಿ, ಸಣ್ಣ ಲಾಳಿಕೆ ಇಟ್ಟು, ಹಿಡಿಯಿರುವ ಲೋಟದಿಂದ ಹುಯ್ಯುವುದು. ತುದಿಯಲ್ಲಿ ಮೂರು ಬೆರಳು ಜಾಗ ಖಾಲಿ ಬಿಡಬೇಕು, ಗಟ್ಟಿಯಾಗುವಾಗ ಉಬ್ಬುತ್ತದೆ. ಆಮೇಲೆ ಗಾಳಿ ಒತ್ತಿ ತೆಗೆದು, ಕತ್ತನ್ನು ಹುರಿ ಹೊಸೆದಂತೆ ಹೊಸೆದು, ತೋರುಬೆರಳಿಗೆ ಒಂದು ಸುತ್ತು ಸುತ್ತಿ, ತುದಿಯನ್ನು ಅದರೊಳಗಿಂದ ಎಳೆದು ಬಿಗಿಯುವುದು. ಕಣ್ಣು ಟಿವಿಯ ಮೇಲೆ, ಕೈ ಕೆಲಸದ ಮೇಲೆ. ಒಂದು ಗಂಟು ಸಡಿಲವಾದರೆ ಫ್ರಿಜ್ಜೆಲ್ಲ ಅಂಟು. ಕಟ್ಟಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಐಸಿನ ಖಾನೆಯಲ್ಲಿ ಒಂದೇ ಪದರವಾಗಿ ಮಲಗಿಸುತ್ತಿದ್ದರು. ಒಂದರ ಮೇಲೊಂದು ಪೇರಿಸಿದರೆ ನಡುವಿನದು ಬೆಳಿಗ್ಗೆಯವರೆಗೂ ಮೆತ್ತಗೇ ಇರುತ್ತದೆ, ಡೊಂಕೂ ಆಗುತ್ತದೆ. ಡೊಂಕಾದ ಐಸ್ ಕ್ಯಾಂಡಿಯನ್ನು ಹುಡುಗರು ಬೇಡ ಎನ್ನುತ್ತಾರೆ.

ಒಂದಕ್ಕೆ ಆಗ ಒಂದು ಪೆಸೊ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ಬಿರುಬೇಸಿಗೆ, ಆಗ ಏಪ್ರಿಲ್, ಮೇ ಸ್ಕೂಲಿಗೆ ರಜೆಯೂ ಇರುತ್ತಿತ್ತು. ಮಕ್ಕಳು ಗೇಟಿನ ಸಂದಿಯಲ್ಲಿ ನಾಣ್ಯ ಹಿಡಿದ ಕೈ ತೂರಿಸಿ ನಿಂತಿರುತ್ತಿದ್ದವು. ವರ್ತನೆಯ ಮಕ್ಕಳಿಗೆ ಸಾಲವೂ ಸಿಗುತ್ತಿತ್ತು. ಪಕ್ಕದ ಸಾರಿ-ಸಾರಿ ಎಂಬ ಚಿಲ್ಲರೆ ಅಂಗಡಿಯಾಕೆ ಹತ್ತಿಪ್ಪತ್ತು ತೆಗೆದುಕೊಂಡು ಹೋಗಿ ತನ್ನ ಅಂಗಡಿಯಲ್ಲಿ ಮಾರುತ್ತಿದ್ದಳು. ನಮ್ಮ ಮಗ ಮಾತು ಕಲಿತದ್ದು ಆ ಗೇಟಿನಲ್ಲೇ. ಕನ್ನಡಕ್ಕಿಂತ ಮುಂಚೆ ಅವನ ಬಾಯಿಗೆ ಬಂದದ್ದು ನಾನಾಯ್ ಎಂಬ ಮಾತು.

ನಾವು ಹೋದ ವರ್ಷವೇ ಆ ದೇಶಕ್ಕೆ ದೊಡ್ಡ ಕರೆಂಟಿನ ಬರ. 1992 ಮತ್ತು 93ರಲ್ಲಿ ಲುಜಾನ್ ದ್ವೀಪದಲ್ಲೆಲ್ಲ ದಿನಕ್ಕೆ ಎಂಟು ಗಂಟೆ, ಹತ್ತು ಗಂಟೆ, ಕೆಲವು ದಿನ ಇನ್ನೂ ಹೆಚ್ಚು ಹೊತ್ತು ಕರೆಂಟು ಇರುತ್ತಿರಲಿಲ್ಲ. ಬ್ರೌನೌಟ್ ಎನ್ನುತ್ತಿದ್ದರು. ಹೊಸ ವಿದ್ಯುತ್ ಘಟಕಗಳನ್ನು ಕಾಲಕ್ಕೆ ಸರಿಯಾಗಿ ಕಟ್ಟಿರಲಿಲ್ಲ, ಬತಾನ್‌ನಲ್ಲಿ ಕಟ್ಟಿದ ಅಣುಸ್ಥಾವರವನ್ನು ಶುರುಮಾಡಲೇ ಇಲ್ಲ. ಅಧ್ಯಕ್ಷ ಫಿಡೆಲ್ ರಾಮೋಸ್ 1993ರಲ್ಲಿ ಸಂಸತ್ತಿನಿಂದ ವಿಶೇಷ ಅಧಿಕಾರ ಪಡೆದು ಖಾಸಗಿ ಘಟಕಗಳನ್ನು ತರಾತುರಿಯಲ್ಲಿ ತಂದರು. ಕತ್ತಲೆ ಹೋಯಿತು, ಆದರೆ ಆಗ ಒಪ್ಪಿಕೊಂಡ ಕರಾರುಗಳ ಭಾರ ಕರೆಂಟಿನ ಬಿಲ್ಲಿನ ಮೇಲೆ ವರ್ಷಗಟ್ಟಲೆ ಬಿತ್ತು. ಪತ್ರಿಕೆಗಳು ಮುಚ್ಚಿದ ಕಾರ್ಖಾನೆಗಳ ವಿಚಾರ ಬರೆದವು. ನಾನಾಯ್ ಮನೆಯಲ್ಲಿ ಅರ್ಧ ಹೆಪ್ಪಾಗಿ ಮತ್ತೆ ಕರಗಿದ ಐಸ್ ಕ್ಯಾಂಡಿಗಳ ಲೆಕ್ಕ ಯಾವ ವರದಿಯಲ್ಲೂ ಬರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಕರೆಂಟು ಹೋಗುವ ವೇಳೆಯನ್ನು ಗೋಡೆಗೆ ಬರೆದಿಟ್ಟು, ಬರುವ ಹೊತ್ತಿಗೆ ನಡುರಾತ್ರಿ ಎದ್ದು ಕಟ್ಟುತ್ತಿದ್ದರು. ಐಸಿನ ಪೆಟ್ಟಿಗೆಗೆ ಹೊಟ್ಟು ತುಂಬಿ, ಡಬ್ಬಿಯ ಸುತ್ತ ಕಲ್ಲುಪ್ಪು ಸುರಿದು, ಹಳೆಯ ಸೊರ್ಬೆತೆರೊಗಳ ವಿದ್ಯೆಯನ್ನೇ ಮತ್ತೆ ಹಿಡಿದರು. ಕರಗಿದ್ದನ್ನು ಮಾತ್ರ ಮತ್ತೆ ಗಟ್ಟಿಮಾಡಿ ಮಾರಲಿಲ್ಲ. ಮಕ್ಕಳ ಹೊಟ್ಟೆ ಕೆಡುತ್ತದೆ ಎಂದು ಚೆಲ್ಲಿಬಿಡುತ್ತಿದ್ದರು. ಆ ದಿನ ಪಂಜಾಬಿಯ ಕಾರ್ಡಿನಲ್ಲಿ ಸಹಿ ಬೀಳುತ್ತಿರಲಿಲ್ಲ. ‘ಡರ್ಟಿ’ ಎನ್ನುವವರು ಇದನ್ನು ನೋಡಬೇಕಿತ್ತು.

ನಾವು ಮಂಡ್ಯಕ್ಕೆ ಮರಳಿದ ಮೇಲೂ ಪತ್ರ, ಆಮೇಲೆ ಫೋನು ನಿಲ್ಲಲಿಲ್ಲ. ನಾನಾಯ್ ಈಗಿಲ್ಲ. ಅದೇ ಮನೆಯಲ್ಲಿ ಮಗಳು ಕಸುಬು ಮುಂದುವರಿಸಿದ್ದಾಳೆ, ಫ್ರಿಜ್ಜಿನ ಬದಲು ಮೇಲಿಂದ ಬಾಗಿಲು ತೆರೆಯುವ ದೊಡ್ಡ ಫ್ರೀಜರ್ ಇಟ್ಟಿದ್ದಾಳೆ. ಕಾನೂನು ಕೂಡ ಇಂಥವರ ಕಡೆ ನಿಧಾನವಾಗಿ ತಿರುಗಿ ನೋಡಿದೆ. 2002ರ ಬರಾಂಗಾಯ್ (ಅಲ್ಲಿಯ ಅತಿ ಚಿಕ್ಕ ಆಡಳಿತ ಘಟಕ) ಸಣ್ಣ ಉದ್ದಿಮೆ ಕಾಯ್ದೆಯ ಪ್ರಕಾರ 30 ಲಕ್ಷ ಪೆಸೊ ಒಳಗಿನ ಆಸ್ತಿಯ ಉದ್ದಿಮೆ ನೋಂದಾಯಿಸಿಕೊಂಡರೆ ಅದರ ವರಮಾನಕ್ಕೆ ಆದಾಯ ತೆರಿಗೆ ಇಲ್ಲ. 2014ರ ಗೋ ನೆಗೋಸ್ಯೊ ಕಾಯ್ದೆ ಊರೂರಿಗೆ ನೋಂದಣಿಯ ಕೇಂದ್ರ ತೆರೆಯಿತು. 2017ರಲ್ಲಿ ಸರ್ಕಾರ ಐದು-ಆರು ಸಾಲಕ್ಕೆ ಪ್ರತಿಯಾಗಿ ಐದು ಸಾವಿರದಿಂದ ಒಂದು ಲಕ್ಷ ಪೆಸೊವರೆಗೆ, ತಿಂಗಳಿಗೆ ನೂರಕ್ಕೆ ಎರಡೂವರೆ ಮೀರದ ಬಡ್ಡಿಯಲ್ಲಿ, ಅಡಮಾನವಿಲ್ಲದೆ ಸಾಲ ಕೊಡುವ ಯೋಜನೆ ತಂದಿತು. ಇವು ಒಳ್ಳೆಯ ಕೆಲಸಗಳೇ. ಆದರೆ ನೋಂದಣಿಗೆ, ಆರೋಗ್ಯ ಪತ್ರಕ್ಕೆ, ಬರಾಂಗಾಯ್ ಪರವಾನಗಿಗೆ ಅಲೆಯುವ ದಿನ ಅಂಗಡಿ ಮುಚ್ಚಬೇಕಾದ ಹೆಂಗಸಿಗೆ ಅವು ಇನ್ನೂ ದೂರ ಎಂದು ಮಗಳು ಹೇಳುತ್ತಾಳೆ. ಇನ್ನೊಂದು ಚಿಂತೆ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ ಚೀಲದ ಬಳಕೆಗೆ ಮೊದಲೇ ಕಡಿವಾಣ ಹಾಕಿದ ಪಟ್ಟಣಗಳಲ್ಲಿ ಲೊಸ್ ಬಾನ್ಯೊಸ್ ಒಂದು. ಸರೋವರದ ದಡ ನೋಡಿದವರು ಆ ಕಾಯ್ದೆ ಬೇಡ ಎನ್ನಲಾರರು. ಐಸ್ ಕ್ಯಾಂಡಿಯ ಕೊಳವೆಗೆ ಬದಲಿ ಇನ್ನೂ ಆಕೆಗೆ ಸಿಕ್ಕಿಲ್ಲ. ಒಂದು ಸಂಶೋಧನಾ ಸಂಸ್ಥೆ, ಒಂದು ವಿಶ್ವವಿದ್ಯಾಲಯ ಎರಡೂ ಇರುವ ಊರಿನಲ್ಲಿ ಯಾರಾದರೂ ಈ ಪುಟ್ಟ ಕೊಳವೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು.

2025ರ ಜೂನ್‌ನಿಂದ ಇಂಡಿಯಾದ ಪ್ರವಾಸಿಗರು ಹದಿನಾಲ್ಕು ದಿನದ ಮಟ್ಟಿಗೆ ವೀಸಾ ಇಲ್ಲದೆ ಫಿಲಿಪ್ಪೀನ್ಸಿಗೆ ಹೋಗಬಹುದು. ದಾವಾವ್‌ನಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳೂ ಬಹಳ ಇದ್ದಾರೆ, ಅವರನ್ನು ನೋಡಲು ಹೋಗುವ ತಂದೆತಾಯಿಗಳೂ ಇದ್ದಾರೆ. ಹೋದವರು ಸಮುದ್ರತೀರ ನೋಡಿ, ಮಾಲ್‌ನ ಹಾಲೊ-ಹಾಲೊ ತಿನ್ನಿ, ಬೇಡವೆನ್ನುವುದಿಲ್ಲ. ಆದರೆ ಒಂದು ಮಧ್ಯಾಹ್ನ ಯಾವುದಾದರೂ ಸಣ್ಣ ಬೀದಿಗೆ ಹೋಗಿ, ಗೇಟಿಗೆ ರಟ್ಟು ಕಟ್ಟಿದ ಮನೆ ಹುಡುಕಿ. ಬೆಣ್ಣೆ ಹಣ್ಣಿನದೋ ಎಳನೀರಿನದೋ ಒಂದು ಕೇಳಿ. ಕೊಟ್ಟ ಹೆಂಗಸಿಗೆ ಪುರುಸೊತ್ತಿದ್ದರೆ, ನಿಮ್ಮ ಮನೆಗೆ ಫ್ರಿಜ್ಜು ಬಂದದ್ದು ಹೇಗೆ ಎಂದೂ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.